ಎಲ್ಲರ ಚಿತ್ರಗಳೂ ಒಂದೇ ಕೈಯವಾಗಿ ಕಂಡರೆ ವಿಭಾಗದ ಮುಖ್ಯಸ್ಥ ಏನು ಮಾಡಬೇಕು?

ಹಾಸನದ ವಿಭಾಗ ಮುಖ್ಯಸ್ಥ (ಚರ್ಚೆ ಆರಂಭಿಸಿದವರು)

ವೇದಿಕೆಯ ಹಿರಿಯರಿಗೂ ಸಹೋದ್ಯೋಗಿಗಳಿಗೂ ನಮಸ್ಕಾರ. ಹಾಸನದಲ್ಲಿ ಟ್ರಸ್ಟೊಂದು ನಡೆಸುತ್ತಿರುವ, ಸರ್ಕಾರದ ಅನುದಾನವಿಲ್ಲದ ಕಲಾಶಾಲೆಯಲ್ಲಿ 11 ವರ್ಷ ಚಿತ್ರಕಲೆ ಕಲಿಸಿದ ಮೇಲೆ, ಕಳೆದ ವರ್ಷದಿಂದ ವಿಭಾಗದ ಹೊಣೆಯೂ ನನ್ನ ಹೆಗಲಿಗೆ ಬಂದಿದೆ. ಹಿಂದಿನ ಮುಖ್ಯಸ್ಥರು ನಿವೃತ್ತರಾದಾಗ ಆ ಕುರ್ಚಿಯನ್ನು ಬೇರೆ ಯಾರೂ ಬಯಸಲಿಲ್ಲವೆಂಬುದೇ ನನ್ನ ದೊಡ್ಡ ಅರ್ಹತೆಯಾಯಿತು. ನಾಲ್ಕು ವರ್ಷಗಳ ಬಿ.ವಿ.ಎ. (ದೃಶ್ಯಕಲೆ) ಪದವಿಯ ನಮ್ಮ ವಿಭಾಗದಲ್ಲಿ 38 ವಿದ್ಯಾರ್ಥಿಗಳಿದ್ದಾರೆ. ಪೂರ್ಣಾವಧಿ ಅಧ್ಯಾಪಕರು ನಾನೂ ಸೇರಿ ಇಬ್ಬರು, ಅತಿಥಿ ಉಪನ್ಯಾಸಕರು ಮೂವರು.

ಪ್ರವೇಶ, ಶುಲ್ಕ, ಹಾಜರಾತಿ, ವಿಶ್ವವಿದ್ಯಾಲಯಕ್ಕೆ ಕಳಿಸಬೇಕಾದ ಆಂತರಿಕ ಅಂಕಗಳು, ಇವುಗಳ ಕಷ್ಟವನ್ನು ಇಲ್ಲಿ ತೋಡಿಕೊಳ್ಳುವುದಿಲ್ಲ. ಅವು ಎಲ್ಲರಿಗೂ ಇರುವಂಥವೇ. ನನ್ನ ನಿದ್ದೆ ಕೆಡಿಸಿರುವುದು ಬೇರೆ ಸಂಗತಿ. ಕಳೆದ ತಿಂಗಳ ನಮ್ಮ ವಾರ್ಷಿಕ ಪ್ರದರ್ಶನಕ್ಕೆ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು, ಮಗಳನ್ನು ನಮ್ಮಲ್ಲಿ ಸೇರಿಸುವ ಯೋಚನೆಯಿಂದ, ಅವಳನ್ನೂ ಕರೆದುಕೊಂಡು ಬಂದಿದ್ದರು. ಒಂದು ಸುತ್ತು ನೋಡಿ ಬಂದವರು, ಯಾವ ವ್ಯಂಗ್ಯವೂ ಇಲ್ಲದೆ, “ಇವನ್ನೆಲ್ಲ ಬರೆದ ಹುಡುಗ ಯಾರು ಸರ್, ಮಾತಾಡಿಸಬಹುದೇ?” ಎಂದು ಕೇಳಿದರು. ಆ ಗೋಡೆಗಳ ಮೇಲೆ 14 ಮಂದಿಯ ಚಿತ್ರಗಳಿದ್ದವು.

ಅವರು ಹೋದ ಮೇಲೆ ದೀಪ ಆರಿಸುವ ಮೊದಲು ನಾನೊಬ್ಬನೇ ಮತ್ತೆ ನೋಡಿಕೊಂಡು ಬಂದೆ. ಮಣ್ಣಿನ ಹಳದಿಯ ಹಿನ್ನೆಲೆ, ಆಕೃತಿಯನ್ನು ಸುತ್ತುವ ದಪ್ಪ ಕಪ್ಪು ಗೆರೆ, ಎಡಮೂಲೆಯಲ್ಲಿ ಬಿಟ್ಟ ಖಾಲಿ ಜಾಗ: ಮೂರೂ ನನ್ನವೇ. ಹೀಗೆ ಬರೆಯಿರೆಂದು ನಾನು ಯಾರಿಗೂ ಹೇಳಿದವನಲ್ಲ. ಆದರೆ ಸ್ಟೂಡಿಯೋದಲ್ಲಿ ಸುತ್ತುವಾಗ ವಿದ್ಯಾರ್ಥಿಯ ಕುಂಚವನ್ನೇ ತೆಗೆದುಕೊಂಡು, “ನೋಡು, ಇಲ್ಲಿ ಹೀಗೆ” ಎಂದು ಕ್ಯಾನ್ವಾಸಿನ ಮೇಲೆ ತಿದ್ದುವುದು ನನ್ನ ಅಭ್ಯಾಸ. ನನ್ನ ಗುರುಗಳೂ ನನಗೆ ಹಾಗೆಯೇ ಕಲಿಸಿದರು. ಅಧ್ಯಾಪಕನಾಗಿದ್ದಾಗ ಅದು ಐದು ಕೈಗಳಲ್ಲಿ ಒಂದಾಗಿತ್ತು. ಈಗ ತಿದ್ದುವ ಕೈ, ಅಂಕ ಬರೆಯುವ ಕೈ, ಪ್ರದರ್ಶನಕ್ಕೆ ಚಿತ್ರ ಆರಿಸುವ ಕೈ, ಅತಿಥಿ ಉಪನ್ಯಾಸಕರ ಸಂಬಳದ ಹಾಳೆಗೆ ಸಹಿ ಹಾಕುವ ಕೈ ಎಲ್ಲವೂ ಒಂದೇ ಆಗಿರುವುದರಿಂದ, ನಾನು ಸುಮ್ಮನೆ ಆಡಿದ ಮಾತೂ ಅಪ್ಪಣೆಯಂತೆ ಕೇಳಿಸುತ್ತಿದೆಯೇನೋ ಎಂಬ ಅನುಮಾನ ಹುಟ್ಟಿದೆ. ವಿಭಾಗ ನಡೆಸಿದ ಅನುಭವವುಳ್ಳವರು, ಅಥವಾ ಇಂಥ ವಿಭಾಗದಲ್ಲಿ ಕಲಿತು ನೊಂದವರು, ದಾಕ್ಷಿಣ್ಯವಿಲ್ಲದೆ ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಚನ್ನರಾಯಪಟ್ಟಣ

ಮಾನ್ಯರೇ, ನಿಮ್ಮ ಪ್ರಾಮಾಣಿಕತೆಗೆ ಸಂತೋಷ, ಆದರೆ ಗಾಬರಿ ಸ್ವಲ್ಪ ಹೆಚ್ಚಾಯಿತು. ತಿದ್ದದೆ ಕಲಿಸುವುದು ಹೇಗೆ? ನಾನು ಕಲಾಶಾಲೆಯಲ್ಲಿ ಅಲ್ಲ, ಪ್ರೌಢಶಾಲೆಯಲ್ಲಿ ಜೀವನ ಸವೆಸಿದವನು. ನೂರಾರು ಮಕ್ಕಳನ್ನು ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳಿಗೆ ಕೂರಿಸಿದ್ದೇನೆ. ಕೈ ಪಳಗುವ ತನಕ ಗುರುವಿನ ಗೆರೆಯನ್ನೇ ಮಗು ಅನುಸರಿಸುತ್ತದೆ, ಅನುಸರಿಸಲಿ. ಬಾಯಿಯಲ್ಲಿ ಎಷ್ಟು ಹೇಳಿದರೂ ತಿಳಿಯದ ಮೊಣಕೈ ಮಡಿಕೆ ಒಂದು ಗೆರೆ ಎಳೆದು ತೋರಿಸಿದರೆ ತಿಳಿಯುತ್ತದೆ. ಮೊದಲ ವರ್ಷದವರಿಗೆ ಈ ಉಪಕಾರವನ್ನು ನಿಲ್ಲಿಸಬೇಡಿ.

ಒಂದು ಮಾತ್ರ ನಿಯಮವಿಟ್ಟುಕೊಂಡಿದ್ದೆ. ಹುಡುಗನ ಚಿತ್ರದ ಮೇಲೆ ನಾನು ಎಂದೂ ಗೆರೆ ಎಳೆದವನಲ್ಲ. ಹಾಳೆಯ ಅಂಚಿನಲ್ಲಿ, ಹೆಬ್ಬೆರಳಿನಷ್ಟು ಜಾಗದಲ್ಲಿ ಬರೆದು ತೋರಿಸುತ್ತಿದ್ದೆ. ಅವನು ಅದನ್ನು ನೋಡಿ ತನ್ನ ಗೆರೆಯನ್ನು ತಾನೇ ಬದಲಿಸಬೇಕು, ಇಲ್ಲವೇ ಬದಲಿಸದೆ ಬಿಡಬೇಕು. ಬದಲಿಸದೆ ಬಿಟ್ಟವರಲ್ಲಿ ಕೆಲವರದೇ ಸರಿಯಾಗಿತ್ತೆಂದು ನನಗೆ ಆಮೇಲೆ ಅನ್ನಿಸಿದ್ದುಂಟು.

ಹಾಸನದಲ್ಲಿರುವ ನೀವು ನಮ್ಮ ತಾಲ್ಲೂಕಿನ ನುಗ್ಗೇಹಳ್ಳಿಗೆ ವಿದ್ಯಾರ್ಥಿಗಳನ್ನು ಕರೆತಂದಿದ್ದೀರೋ ಇಲ್ಲವೋ ತಿಳಿಯದು. 1246ರ ಲಕ್ಷ್ಮೀನರಸಿಂಹ ದೇವಾಲಯವದು. ಹೊರಗೋಡೆಯ ಒಂದು ಬದಿಯಲ್ಲಿ ಶಿಲ್ಪಿ ಬೈಚೋಜ ಕೆಲಸ ಮಾಡಿದ್ದಾನೆ, ಇನ್ನೊಂದು ಬದಿಯಲ್ಲಿ ಮಲ್ಲಿತಮ್ಮ. ಕಲ್ಲು ಅದೇ ಬಳಪದ ಕಲ್ಲು, ಪಟ್ಟಿಕೆಗಳ ಎತ್ತರ ಅದೇ, ಕೆತ್ತಬೇಕಾದ ದೇವರುಗಳೂ ಅವೇ. ಆದರೂ ಪ್ರದಕ್ಷಿಣೆ ಬರುವಾಗ ಕೈ ಬದಲಾದದ್ದು ನೋಡಬಲ್ಲವನಿಗೆ ಗೊತ್ತಾಗುತ್ತದೆ. ಕೆಳಗೆ ಹೆಸರನ್ನೂ ಕೊರೆದಿದ್ದಾರೆ. ಆ ಕೆಲಸವನ್ನು ನಡೆಸಿದ ಹಿರಿಯ ಯಾರೇ ಇರಲಿ, ಅಳತೆಯನ್ನು ಮಾತ್ರ ತನ್ನ ಕೈಯಲ್ಲಿ ಇಟ್ಟುಕೊಂಡು ಉಳಿಯನ್ನು ಅವರವರಿಗೇ ಬಿಟ್ಟಿದ್ದಾನೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಗ್ರಾಫಿಕ್ಸ್ ಅಧ್ಯಾಪಕಿ, ಚಿಕ್ಕಮಗಳೂರು

ಮೇಷ್ಟ್ರ ಮಾತು ಚೆನ್ನಾಗಿದೆ, ಆದರೆ ರೋಗದ ಮೂಲ ಕುಂಚದಲ್ಲಿದೆಯೆಂದು ನಾನು ಒಪ್ಪಲಾರೆ. ಮುಖ್ಯಸ್ಥರೇ, ದಯವಿಟ್ಟು ನಿಮ್ಮ ವೇಳಾಪಟ್ಟಿಯನ್ನೊಮ್ಮೆ ತೆಗೆದು ನೋಡಿ. ನಾನು ಆರು ವರ್ಷ ಒಂದು ಖಾಸಗಿ ಕಲಾಶಾಲೆಯ ಗ್ರಾಫಿಕ್ಸ್, ಅಂದರೆ ಅಚ್ಚುಚಿತ್ರ ಕಲೆಯ, ವಿಭಾಗವನ್ನು ನೋಡಿಕೊಂಡವಳು. ಅಲ್ಲಿ ಬಿ.ಎ., ಬಿ.ಕಾಂ. ತರಗತಿಗಳ ಹಾಗೆ ದಿನವನ್ನು ಒಂದೊಂದು ಗಂಟೆಯ ತುಂಡುಗಳಾಗಿ ಕತ್ತರಿಸಿದ್ದರು. ಬಣ್ಣ ತೆಗೆದು, ಕ್ಯಾನ್ವಾಸ್ ಹೊಂದಿಸಿ, ನಿನ್ನೆ ಎಲ್ಲಿ ನಿಲ್ಲಿಸಿದೆನೆಂದು ನೆನೆಸಿಕೊಳ್ಳಲು 20 ನಿಮಿಷ; ಕುಂಚ ತೊಳೆದು ಎತ್ತಿಡಲು 15 ನಿಮಿಷ. ಉಳಿದ ಅಲ್ಪ ಸಮಯದಲ್ಲಿ ಯಾವ ವಿದ್ಯಾರ್ಥಿ ತಪ್ಪು ಮಾಡುವ ಧೈರ್ಯ ತೋರುತ್ತಾನೆ? ಯಾವುದು ಈಗಾಗಲೇ ಮೆಚ್ಚುಗೆ ಪಡೆದಿದೆಯೋ ಅದನ್ನೇ ಮಾಡುತ್ತಾನೆ. ನಿಮ್ಮ ಕಪ್ಪು ಗೆರೆ ಹಬ್ಬಿದ್ದು ನಿಮ್ಮ ಪ್ರಭಾವದಿಂದ ಎಷ್ಟೋ ಅಷ್ಟೇ ಸಮಯದ ಅಭಾವದಿಂದಲೂ ಇರಬಹುದು.

ನಾನು ಮಾಡಿದ್ದು ಇಷ್ಟೇ. ಕಲಾ ಇತಿಹಾಸ, ಸೌಂದರ್ಯಶಾಸ್ತ್ರ, ಭಾಷಾ ವಿಷಯಗಳನ್ನು ವಾರದ ಎರಡು ದಿನಗಳಿಗೆ ಒಟ್ಟು ಮಾಡಿ, ಉಳಿದ ದಿನಗಳಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗಂಟೆ ಬಾರಿಸದ ಹಾಗೆ ಮಾಡಿದೆ. ಒಟ್ಟು ಬೋಧನಾ ಗಂಟೆಗಳು ಪಠ್ಯಕ್ರಮದಲ್ಲಿ ಇದ್ದಷ್ಟೇ ಉಳಿದವು. ಬದಲಾದದ್ದು ಅವುಗಳ ಜೋಡಣೆ ಮಾತ್ರ. ಸಹೋದ್ಯೋಗಿಗಳನ್ನು ಒಪ್ಪಿಸಲು ಒಂದಿಡೀ ವರ್ಷ ಹಿಡಿಯಿತು, ಏಕೆಂದರೆ ಅತಿಥಿ ಉಪನ್ಯಾಸಕರಿಗೆ ಸಂಬಳ ಗಂಟೆಯ ಲೆಕ್ಕದಲ್ಲಿ, ಅವರು ಮತ್ತೆರಡು ಕಡೆ ಕಲಿಸುವವರು. ಅವರ ಬಸ್ಸಿನ ಸಮಯವನ್ನು ಕೇಳಿ ತಿಳಿಯದೆ ವೇಳಾಪಟ್ಟಿ ಬರೆಯಬೇಡಿ.

ಇನ್ನೊಂದು ವಿಷಯ. ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾನ್ವಾಸು ಜೋತು ಬೀಳುತ್ತದೆ, ಒದ್ದೆ ಮಾಡಿದ ಅಚ್ಚಿನ ಕಾಗದಕ್ಕೆ ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ, ತೈಲವರ್ಣ ಒಣಗುವುದೇ ಇಲ್ಲ. ಆದ್ದರಿಂದ ಆ ತಿಂಗಳುಗಳಲ್ಲಿ ಇದ್ದಿಲು, ಮರದ ಅಚ್ಚು, ಮಣ್ಣಿನ ಕೆಲಸ. ತೈಲವರ್ಣ ಅಕ್ಟೋಬರ್ ನಂತರ. ಹೀಗೆ ಋತುವಿಗೆ ತಕ್ಕಂತೆ ಮಾಧ್ಯಮ ಬದಲಿಸಿದಾಗ ಒಂದೇ ಕೈಯ ರೂಢಿಯೂ ತಾನಾಗಿ ಮುರಿಯಿತು. ಮರದ ಹಲಗೆಯನ್ನು ಕೊರೆಯುವವನಿಗೆ ನಿಮ್ಮ ಕುಂಚದ ಗೆರೆಯನ್ನು ನಕಲು ಮಾಡುವುದು ಸುಲಭವಲ್ಲ. ಹಲಗೆಯ ಎಳೆ ಅವನನ್ನು ಬೇರೆ ದಾರಿಗೆ ಎಳೆಯುತ್ತದೆ.

ಮುಖ್ಯಸ್ಥರು ಕಾಯಬೇಕಾದದ್ದು ಶೈಲಿಯನ್ನಲ್ಲ, ಜಾಗವನ್ನು. ಹೇಳಿದ್ದೇನೆಂದು ಬೇಸರಿಸಬೇಡಿ, ನಿಮ್ಮ ಸ್ಟೂಡಿಯೋದಲ್ಲಿ ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಎಲ್ಲಿ ಹಾಕುತ್ತಾರೆ? ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಬಿಸಿಯಾಗುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಬಟ್ಟೆ ಕಡ್ಡಿ ಗೀರದೆಯೂ ಹೊತ್ತಿಕೊಳ್ಳಬಲ್ಲದು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ಹಾಕಿ ಅದರಲ್ಲಿ ಹಾಕಿಸಿ. ಎಚಿಂಗ್ (ಲೋಹದ ತಗಡನ್ನು ರಾಸಾಯನಿಕದಿಂದ ಕೊರೆದು ಅಚ್ಚು ತೆಗೆಯುವ) ಕೊಠಡಿಯಿದ್ದರೆ ನೈಟ್ರಿಕ್ ಆಮ್ಲವನ್ನು ಬಿಟ್ಟು ತಾಮ್ರದ ತಗಡು, ಫೆರಿಕ್ ಕ್ಲೋರೈಡ್‌ಗೆ ಬದಲಾಗುವ ಬಗ್ಗೆ ಯೋಚಿಸಿ. ಹೊಗೆ ಎಷ್ಟೋ ಕಡಿಮೆ. ಇವೆಲ್ಲ ಬಜೆಟ್ ಸಭೆಯಲ್ಲಿ ಮುಖ್ಯಸ್ಥರು ಬಾಯಿಬಿಟ್ಟು ಕೇಳದಿದ್ದರೆ ಬರುವಂಥವಲ್ಲ.

ಟ್ರಸ್ಟ್ ಸದಸ್ಯ, ಅರಸೀಕೆರೆ

ನಾನು ಕಲಾವಿದನಲ್ಲ; ಬೇರೊಂದು ಶಿಕ್ಷಣ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಇದ್ದೇನೆ. ಎಲ್ಲರ ಕೆಲಸದಲ್ಲೂ ಒಂದು ಛಾಯೆ ಇರುವುದರಲ್ಲಿ ದೋಷವೇನೆಂದು ನನಗೆ ಅರ್ಥವಾಗಲಿಲ್ಲ. ಸಂಗೀತದಲ್ಲಿ ಘರಾಣೆ ಎಂಬುದನ್ನು ಗೌರವದಿಂದಲೇ ಹೇಳುತ್ತೇವೆ. ಅನುದಾನವಿಲ್ಲದ ಶಾಲೆಯು ಶುಲ್ಕದ ಮೇಲೆ ಬದುಕಬೇಕು. ತಂದೆತಾಯಿಗಳು ಕೇಳುವುದು ಮಗನಿಗೆ ಕೆಲಸ ಸಿಗುತ್ತದೆಯೇ ಎಂದು, ಅವನ ಗೆರೆ ಸ್ವಂತದ್ದೇ ಎಂದಲ್ಲ. ಬೆಳೆಗಾರರು ಮಗಳನ್ನು ಸೇರಿಸಿದರೋ ಇಲ್ಲವೋ, ಅದನ್ನೂ ತಿಳಿಸಿ.

ಮೂಡಿಗೆರೆಯ ಚಿತ್ರಕಾರ

ಘರಾಣೆಯ ಹೋಲಿಕೆಗೆ ಉತ್ತರವಾಗಿ ಬರೆಯುತ್ತಿದ್ದೇನೆ. ನಮ್ಮ ನಾಡಿನಲ್ಲೇ ಖಾಸಗಿ ಕಲಾಶಾಲೆ ಹೇಗೆ ನಡೆಯಬಹುದೆಂಬುದಕ್ಕೆ ಉದಾಹರಣೆ ಇದೆ. ಬಾದಾಮಿಯ ಆರ್.ಎಂ. ಹಡಪದ್ ಅವರು 1968ರಲ್ಲಿ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಆರಂಭಿಸಿದರು. ಅಲ್ಲಿ ಕಲಿತವರಲ್ಲಿ ಇಬ್ಬರನ್ನು ನೋಡಿ. ಜೆ.ಎಂ.ಎಸ್. ಮಣಿ ಅವರು ಬಾದಾಮಿಯ ಜನರನ್ನು ಗಾಢ ಬಣ್ಣಗಳಲ್ಲಿ ಮತ್ತೆ ಮತ್ತೆ ಬರೆದರು; ಮುಂದೆ ಅದೇ ಶಾಲೆಯ ಪ್ರಾಂಶುಪಾಲರೂ ಆದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಅಲ್ಲಿಂದ ಶಾಂತಿನಿಕೇತನಕ್ಕೆ, ಅಲ್ಲಿಂದ ಲಂಡನ್ನಿಗೆ ಹೋಗಿ, ಬಣ್ಣ ಕುಂಚಗಳಿಂದ ದೂರ ಸರಿದು ಸಗಣಿ, ಕುಂಕುಮ, ದಾರ, ಕೂದಲು ಇವನ್ನೇ ತಮ್ಮ ಸಾಮಗ್ರಿ ಮಾಡಿಕೊಂಡರು. ಈ ಇಬ್ಬರ ಕೃತಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದೇ ಶಾಲೆಯವರೆಂದು ಯಾರೂ ಹೇಳಲಾರರು.

ಶಾಂತಿನಿಕೇತನದ ಕಲಾಭವನದಲ್ಲೂ ಅದೇ ಕಥೆ. ಅಲ್ಲಿನ ಮುಖ್ಯಸ್ಥರಾಗಿದ್ದ ನಂದಲಾಲ್ ಬೋಸರ ಗೆರೆ ಎಷ್ಟು ಬಲವಾದದ್ದೆಂದು ಎಲ್ಲರಿಗೂ ತಿಳಿದಿದೆ. ಅವರ ಶಿಷ್ಯ ರಾಮ್‌ಕಿಂಕರ್ ಬೈಜ್ ಸಿಮೆಂಟು, ಜಲ್ಲಿಯಲ್ಲಿ ಬಯಲು ಶಿಲ್ಪಗಳನ್ನು ಮಾಡಿದರು; ಇನ್ನೊಬ್ಬ ಶಿಷ್ಯ ಬಿನೋದ್‌ಬಿಹಾರಿ ಮುಖರ್ಜಿ ಗೋಡೆಯ ಮೇಲೆ ಬರೆದರು. ಇಬ್ಬರೂ ಗುರುವಿನ ನಕಲಾಗಲಿಲ್ಲ, ಇಬ್ಬರನ್ನೂ ಗುರುಗಳು ಅದೇ ಶಾಲೆಯಲ್ಲಿ ಅಧ್ಯಾಪಕರಾಗಿ ಉಳಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಮುಖ್ಯಸ್ಥರ ಪರೀಕ್ಷೆ ಇರುವುದು ಅಲ್ಲಿ. ಹಾಸನದ ಸರ್, ನಿಮ್ಮ ಮೂವರು ಅತಿಥಿ ಉಪನ್ಯಾಸಕರನ್ನು ಆರಿಸಿದವರು ಯಾರು? ಅವರಲ್ಲಿ ನಿಮ್ಮ ಚಿತ್ರಗಳನ್ನು ಇಷ್ಟಪಡದವರು ಒಬ್ಬರಾದರೂ ಇದ್ದಾರೆಯೇ?

ಹಳೆಯ ವಿದ್ಯಾರ್ಥಿನಿ, ಬೇಲೂರು

ನೊಂದವರೂ ಬರೆಯಬಹುದೆಂದು ಸರ್ ಹೇಳಿದ್ದರಿಂದ ಬರೆಯುತ್ತಿದ್ದೇನೆ. ನಾನು ಕಲಿತದ್ದು ಬೇರೆ ಊರಿನ ಶಾಲೆಯಲ್ಲಿ. ಅಲ್ಲಿನ ಮುಖ್ಯಸ್ಥರು ನನ್ನ ಕ್ಯಾನ್ವಾಸನ್ನು ಮುಟ್ಟುತ್ತಲೇ ಇರಲಿಲ್ಲ. ಆದರೂ ನಾವೆಲ್ಲ ಅವರಂತೆಯೇ ಬರೆಯುತ್ತಿದ್ದೆವು. ಕಾರಣ ಕುಂಚವಲ್ಲ, ಜ್ಯೂರಿ, ಅಂದರೆ ಅಧ್ಯಾಪಕರು ಒಟ್ಟಾಗಿ ನಮ್ಮ ಕೆಲಸವನ್ನು ನೋಡಿ ಅಳೆಯುವ ಮೌಲ್ಯಮಾಪನ. ಸೆಮಿಸ್ಟರಿನ ಕೊನೆಗೆ ನಮ್ಮ ಚಿತ್ರಗಳನ್ನು ಗೋಡೆಗೆ ಒರಗಿಸಿ, ನಾವು ಪಕ್ಕದಲ್ಲಿ ಕೈಕಟ್ಟಿ ನಿಲ್ಲಬೇಕಿತ್ತು. “ಕಾನ್ಸೆಪ್ಟ್ ಏನು?” ಎಂಬುದು ಮೊದಲ ಪ್ರಶ್ನೆ, ಅದೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ನಮ್ಮಲ್ಲಿ ಹೆಚ್ಚಿನವರು, ಹಿಂದಿನ ವರ್ಷ ಯಾರಿಗೆ ಹೆಚ್ಚು ಅಂಕ ಬಂದಿತ್ತೋ ಅವರ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿ, ಆ ವಾಕ್ಯಗಳಿಗೆ ಒಪ್ಪುವಂಥ ಚಿತ್ರ ಬರೆಯುತ್ತಿದ್ದೆವು. ಚಿತ್ರದಿಂದ ಮಾತು ಹುಟ್ಟಬೇಕಾದ ಕಡೆ ಮಾತಿನಿಂದ ಚಿತ್ರ ಹುಟ್ಟುತ್ತಿತ್ತು.

ಎರಡನೆಯ ವರ್ಷದಲ್ಲಿ ಒಬ್ಬ ಅತಿಥಿ ಅಧ್ಯಾಪಕರು ಬಂದರು. ನಾನು ಬೇಲೂರಿನವಳೆಂದು ತಿಳಿದು, ಯಾರೂ ಬರೆಯದ ಶಿಲ್ಪವನ್ನು ಬರೆದು ತಾ ಎಂದರು. ಬೇಲೂರೆಂದರೆ ಎಲ್ಲರೂ ಬರೆಯುವುದು ಕ್ಯಾಲೆಂಡರಿನಲ್ಲಿ ಕಾಣುವ ದರ್ಪಣ ಸುಂದರಿಯನ್ನು. ಅಲ್ಲಿರುವ 42 ಮದನಿಕೆಯರಲ್ಲಿ ಉಳಿದವರನ್ನು ಕತ್ತೆತ್ತಿ ನೋಡುವವರೂ ಕಡಿಮೆ. ನಾನು ಕತ್ತು ತಗ್ಗಿಸಿ ತಳದ ಪಟ್ಟಿಕೆಯ ಆನೆಗಳನ್ನು ಹಿಡಿದೆ. ರಜೆಯಲ್ಲಿ ಪ್ರತಿದಿನ ಬೆಳಿಗ್ಗೆ ಗುಡಿಯ ಸುತ್ತಲಿನ ಕಟ್ಟೆಯಾದ ಜಗತಿಯ ಮೇಲೆ ಕೂತು ಒಂದೊಂದೇ ಆನೆ. ದೂರದಿಂದ ಒಂದೇ ಅಚ್ಚಿನಂತೆ ಕಾಣುವ ಸಾಲಿನಲ್ಲಿ ಒಂದರ ಸೊಂಡಿಲು ಮುಂದಿನದರ ಬಾಲವನ್ನು ಮುಟ್ಟಲು ಹೋಗುತ್ತದೆ, ಇನ್ನೊಂದು ಹೆಜ್ಜೆ ತಪ್ಪಿದಂತೆ ನಿಂತಿರುತ್ತದೆ. ಆ ಹಾಳೆಗಳನ್ನು ನೋಡಿದ ಅಧ್ಯಾಪಕರು ಏನೂ ಕೇಳದೆ ತುಂಬ ಹೊತ್ತು ನೋಡಿದರು. ನನ್ನ ನಾಲ್ಕು ವರ್ಷಗಳಲ್ಲಿ ಒಬ್ಬರು ನನ್ನ ಕೆಲಸವನ್ನು ಅಷ್ಟು ಹೊತ್ತು ನೋಡಿದ್ದು ಅದೊಂದೇ ಸಲ.

ಗ್ರಾಫಿಕ್ಸ್ ಮೇಡಂ ಹೇಳಿದ ದೀರ್ಘ ಅವಧಿಯನ್ನು ಬೆಳಿಗ್ಗೆಯೇ ಇಡಿ ಎಂದು ನಾನೂ ಹೇಳುತ್ತೇನೆ. ಕೆಲವು ಶಾಲೆಗಳು ಸಂಜೆ ಎಂಟರವರೆಗೆ ಸ್ಟೂಡಿಯೋ ತೆರೆದಿರುತ್ತದೆಂದು ಹೆಮ್ಮೆಯಿಂದ ಹೇಳುತ್ತವೆ. ಹಳ್ಳಿಗೆ ಕೊನೆಯ ಬಸ್ಸು ಆರಕ್ಕೆ ಹೊರಟರೆ ಆ ಸೌಲಭ್ಯ ಹಾಸ್ಟೆಲಿನ ಹುಡುಗರಿಗೆ ಮಾತ್ರ.

ಹಾಸನದ ವಿಭಾಗ ಮುಖ್ಯಸ್ಥ

ಎಲ್ಲರಿಗೂ ಋಣಿ. ಟ್ರಸ್ಟ್ ಸದಸ್ಯರಿಗೆ ಮೊದಲು ಉತ್ತರಿಸುತ್ತೇನೆ: ಬೆಳೆಗಾರರು ಮಗಳನ್ನು ಇನ್ನೂ ಸೇರಿಸಿಲ್ಲ, ಬೇಡವೆಂದೂ ಹೇಳಿಲ್ಲ. ಉದ್ಯೋಗದ ಪ್ರಶ್ನೆ ಸಣ್ಣದಲ್ಲವೆಂದು ಒಪ್ಪುತ್ತೇನೆ. ಆದರೆ ಹೊರಗೆ ಕೆಲಸ ಕೊಡುವವರೂ ನನ್ನಂತೆ ಬರೆಯುವ 14 ಮಂದಿಯನ್ನು ಹುಡುಕಿಕೊಂಡು ಬರುವುದಿಲ್ಲ.

ಮೂಡಿಗೆರೆಯವರ ಪ್ರಶ್ನೆ ನನ್ನನ್ನು ಚುಚ್ಚಿತು. ಮೂವರಲ್ಲಿ ಇಬ್ಬರು ನನ್ನ ಶಿಷ್ಯರೇ, ಮೂರನೆಯವರು ನನ್ನ ಸಹಪಾಠಿ. ಕಡಿಮೆ ಸಂಬಳಕ್ಕೆ ಬರುವವರು ಪರಿಚಯದವರೇ ಆಗಿರುತ್ತಾರೆಂದು ನಾನು ಸಮಾಧಾನ ಹೇಳಿಕೊಂಡಿದ್ದೆ. ಬೇಲೂರಿನವರು ಬರೆದದ್ದನ್ನು ನಮ್ಮ ಅಧ್ಯಾಪಕರ ಸಭೆಯಲ್ಲಿ ಓದಿದೆ. ಸಭೆ ಸ್ವಲ್ಪ ಹೊತ್ತು ಮೌನವಾಗಿತ್ತು, ಆಮೇಲೆ ಒಬ್ಬರು ನಾವೂ “ಕಾನ್ಸೆಪ್ಟ್ ಏನು” ಎಂದೇ ಕೇಳುವುದಲ್ಲವೇ ಎಂದರು. ಈ ಸೆಮಿಸ್ಟರನ್ನು ಹೇಗೆ ನಡೆಸಿದೆವೆಂದು ಕೊನೆಯಲ್ಲಿ ಬಂದು ವರದಿ ಕೊಡುತ್ತೇನೆ.

ಹಾಸನದ ವಿಭಾಗ ಮುಖ್ಯಸ್ಥ (ನಾಲ್ಕು ತಿಂಗಳ ನಂತರ)

ಮಾತು ಕೊಟ್ಟಂತೆ ಬರೆಯುತ್ತಿದ್ದೇನೆ. ವೇಳಾಪಟ್ಟಿಯಲ್ಲಿ ವಾರಕ್ಕೆ ಮೂರು ಬೆಳಗುಗಳನ್ನು ಗಂಟೆಯಿಲ್ಲದೆ ಬಿಡಿಸಿಕೊಂಡೆವು. ನಾಲ್ಕನೆಯದಕ್ಕೆ ಭಾಷಾ ಉಪನ್ಯಾಸಕರು ಒಪ್ಪಲಿಲ್ಲ, ಅವರ ಕಾರಣವೂ ನ್ಯಾಯವಾದದ್ದೇ. ಎಣ್ಣೆ ಬಟ್ಟೆಗೆ ಮುಚ್ಚಳದ ಡಬ್ಬಿಗಳು ಬಂದಿವೆ. ಫೆರಿಕ್ ಕ್ಲೋರೈಡಿನ ಬೇಡಿಕೆ ಟ್ರಸ್ಟಿನ ಮೇಜಿನ ಮೇಲಿದೆ. ಆಂತರಿಕ ಅಂಕಗಳನ್ನು ಮೂವರು ಬೇರೆ ಬೇರೆಯಾಗಿ ಬರೆದು ಆಮೇಲೆ ಕೂಡಿಸುತ್ತೇವೆ, ನನ್ನದನ್ನು ಕೊನೆಯಲ್ಲಿ ತೆರೆಯುತ್ತೇವೆ. ಮೊದಲ ಸಲ ತೆರೆದಾಗ ಒಬ್ಬ ಹುಡುಗಿಯ ವಿಷಯದಲ್ಲಿ ನನಗೂ ಉಳಿದಿಬ್ಬರಿಗೂ ಬಹಳ ಅಂತರವಿತ್ತು. ಜ್ಯೂರಿಯಲ್ಲಿ ಮೊದಲ ಹತ್ತು ನಿಮಿಷ ಯಾರೂ ಮಾತಾಡದೆ ನೋಡಬೇಕು, ಆಮೇಲೆ ಕಂಡದ್ದನ್ನು ಕನ್ನಡದಲ್ಲಿ ಹೇಳಬೇಕು ಎಂದು ಗೊತ್ತು ಮಾಡಿದ್ದೇವೆ. ಮೊದಲೆರಡು ಸಲ ಆ ಹತ್ತು ನಿಮಿಷ ತುಂಬ ಮುಜುಗರದ್ದಾಗಿತ್ತು, ಎಲ್ಲರೂ ಮೊಬೈಲಿಗೆ ಕೈ ಹಾಕಿದರು.

ಮೇಷ್ಟ್ರ ಅಂಚಿನ ನಿಯಮವನ್ನು ನಾನು ಪೂರ್ತಿ ಪಾಲಿಸಿದ್ದೇನೆಂದು ಹೇಳಿದರೆ ಸುಳ್ಳಾದೀತು. ಕ್ಯಾನ್ವಾಸಿಗೆ ಅಂಚು ಇಲ್ಲವಾದ್ದರಿಂದ ಜೇಬಿನಲ್ಲಿ ಸಣ್ಣ ಪುಸ್ತಕ ಇಟ್ಟುಕೊಂಡಿದ್ದೇನೆ. ಎರಡು ಸಲ ಮರೆತು ಕುಂಚಕ್ಕೆ ಕೈ ಚಾಚಿದೆ, ಒಂದು ಸಲ ವಿದ್ಯಾರ್ಥಿಯೇ ಕುಂಚವನ್ನು ಹಿಂದಕ್ಕೆ ಎಳೆದುಕೊಂಡ. ನುಗ್ಗೇಹಳ್ಳಿಗೂ ಹೋಗಿ ಬಂದೆವು. ಎರಡು ಗುಂಪು ಮಾಡಿ, ಒಂದೊಂದು ಬದಿಗೆ ಒಂದೊಂದು ಗುಂಪನ್ನು ಕೂರಿಸಿ, ಸಂಜೆ ಹಾಳೆಗಳನ್ನು ಎದುರುಬದುರು ಹರಡಿಸಿದೆ. ಇಲ್ಲಿಯ ಕಣ್ಣು, ಅಲ್ಲಿಯ ಸೊಂಟ ಎಂದು ಅವರೇ ಜಗಳಕ್ಕಿಳಿದರು. ನಾನು ಬಾಯಿ ಬಿಡಬೇಕಾದ ಅಗತ್ಯ ಬೀಳಲಿಲ್ಲ.

ಈಗ ಮೂರನೆಯ ವರ್ಷದ ಒಬ್ಬ ಹುಡುಗ ಗೋಣಿಚೀಲಗಳನ್ನು ಹೊಲಿದು, ಅವುಗಳ ಮೇಲೆ ಕಾಫಿಯ ಕಷಾಯದಿಂದ ಕಲೆ ಹಾಕಿ, ಗೆರೆಯೇ ಇಲ್ಲದ ದೊಡ್ಡದೊಂದನ್ನು ಸಿದ್ಧಪಡಿಸಿದ್ದಾನೆ. ನನಗೆ ಅದು ಇಷ್ಟವಾಗಿಲ್ಲ. ಇಷ್ಟವಾಗದಿರುವುದಕ್ಕೆ ಅದು ಸೋತಿರುವುದು ಕಾರಣವೋ, ಅದರಲ್ಲಿ ನಾನು ಇಲ್ಲದಿರುವುದು ಕಾರಣವೋ ಎಂದು ಎರಡು ವಾರಗಳಿಂದ ಅದರ ಎದುರು ನಿಂತು ನೋಡುತ್ತಿದ್ದೇನೆ. ಚಿಕ್ಕಮಗಳೂರಿನ ಮೇಡಂ ಅವರು ಮುಂದಿನ ಜ್ಯೂರಿಗೆ ಬರಲು ಸಾಧ್ಯವೇ? ಪ್ರಯಾಣದ ಖರ್ಚಿಗೆ ಟ್ರಸ್ಟು ಒಪ್ಪಿದೆ, ಬೇಲೂರು ದಾರಿಯ ಬಸ್ಸಿನ ಸಮಯವನ್ನೂ ಕೇಳಿ ಇಟ್ಟಿದ್ದೇನೆ.

ಗ್ರಾಫಿಕ್ಸ್ ಅಧ್ಯಾಪಕಿ, ಚಿಕ್ಕಮಗಳೂರು

ಬರುತ್ತೇನೆ ಸರ್. ಆ ಹುಡುಗನ ಕೆಲಸದ ಫೋಟೋ ಕಳಿಸಬೇಡಿ, ನಿಮ್ಮ ಅಭಿಪ್ರಾಯವನ್ನೂ ಇನ್ನು ಮೇಲೆ ಇಲ್ಲಿ ಬರೆಯಬೇಡಿ; ಅವನೂ ಇದನ್ನು ಓದುತ್ತಿರಬಹುದು.